ಹಸಿರು ಮೇಜಿನ ಬಳಿಗೆ: ಕರ್ನಾಟಕದಲ್ಲಿ ವಿಶ್ವ ಹವ್ಯಾಸಿ ಸ್ನೂಕರ್

ಸ್ನೂಕರ್ ಇಂಗ್ಲೆಂಡಿನ ಆಟವೆಂದು ಪ್ರಸಿದ್ಧವಾಗಿದ್ದರೂ ಅದು ಹುಟ್ಟಿದ್ದು ಭಾರತದ ಸೇನಾ ಶಿಬಿರದಲ್ಲಿ. 1875ರಲ್ಲಿ ಜಬಲ್‌ಪುರದಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿ ನೆವಿಲ್ ಚೇಂಬರ್ಲಿನ್ (ಇದೇ ಹೆಸರಿನ ಬ್ರಿಟಿಷ್ ಪ್ರಧಾನಿ ಬೇರೆ) ಬಿಲಿಯರ್ಡ್ಸ್ ಮೇಜಿನ ಮೇಲಿನ ಹಳೆಯ ಆಟಗಳಿಗೆ ಬಣ್ಣದ ಚೆಂಡುಗಳನ್ನು ಸೇರಿಸಿ ಇದನ್ನು ರೂಪಿಸಿದನೆಂದು ಹೇಳಲಾಗುತ್ತದೆ. ಬಂಡೀಪುರದ ಕಾಡಿನಾಚೆ ಏರುವ ನೀಲಗಿರಿಯಲ್ಲಿ, ಊಟಿಯ ಕ್ಲಬ್ಬಿನಲ್ಲಿ, 1882ರಲ್ಲಿ ಅದರ ನಿಯಮಗಳು ಬರಹಕ್ಕಿಳಿದವು. ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲದ ಮೇಜಿನಲ್ಲಿ, ಕ್ಯೂ ಎಂಬ ಉದ್ದನೆಯ ಕೋಲಿನಿಂದ ಬಿಳಿ ಚೆಂಡನ್ನು ಹೊಡೆದು, ಅದರ ತಾಕಿನಿಂದ 15 ಕೆಂಪು ಚೆಂಡುಗಳನ್ನೂ ಆರು ಬಣ್ಣದ ಚೆಂಡುಗಳನ್ನೂ ಕುಳಿಗೆ ಬೀಳಿಸುವುದೇ ಆಟ. ಕೆಂಪಿಗೆ ಒಂದು ಅಂಕ, ಹಳದಿಗೆ ಎರಡು, ಹೀಗೆ ಏರುತ್ತ ಕಪ್ಪಿಗೆ ಏಳು. ಒಂದು ಸುತ್ತಿನ ಆಟವನ್ನು ಫ್ರೇಮ್ ಎನ್ನುತ್ತಾರೆ.

ಈ ಆಟದ ಸಾಮಾಜಿಕ ಚರಿತ್ರೆಯನ್ನು ಅದರ ಮೇಜೇ ನಿರ್ಧರಿಸಿತು ಎನ್ನಬೇಕು. ಹಸಿರು ಬಟ್ಟೆಯ ಕೆಳಗೆ ಕಲ್ಲಿನ ಹಾಸುಗಳಿರುವ ಮೇಜು ಒಂದು ಟನ್ನಿಗೂ ಮೀರಿ ತೂಗುತ್ತದೆ. ಅದನ್ನು ಕೊಳ್ಳಲು ಹಣ, ಇಡಲು ವಿಶಾಲವಾದ ಕೋಣೆ, ಸಮತಟ್ಟಾಗಿ ಕಾಪಾಡಲು ತಿಳಿದ ಕೈ ಬೇಕು. 1809ರಲ್ಲಿ ದಂಡು ಪ್ರದೇಶವಾಗಿ ಬೆಳೆಯತೊಡಗಿದ ಬೆಂಗಳೂರಿನ ಕಂಟೋನ್ಮೆಂಟಿನಲ್ಲಿ, 1868ರಲ್ಲಿ ಆರಂಭವಾಗಿ ಮುಂದೆ ಬೆಂಗಳೂರು ಕ್ಲಬ್ ಎನಿಸಿಕೊಂಡ ಸಂಸ್ಥೆಯಂತಹ ಸದಸ್ಯರ ಕೂಟಗಳಲ್ಲಿ ಮಾತ್ರ ಇವೆಲ್ಲ ಒಟ್ಟಿಗೆ ಸಿಗುತ್ತಿದ್ದವು. ಕ್ಲಬ್ಬಿನಲ್ಲಿ ಅಂಕ ಎಣಿಸುತ್ತ, ಬಟ್ಟೆಯನ್ನು ಉಜ್ಜಿ ಇಸ್ತ್ರಿ ಹಾಕುತ್ತ, ಜೊತೆಗಾರರಿಲ್ಲದ ಸದಸ್ಯರೊಂದಿಗೆ ಆಡುತ್ತ ಇದ್ದ ನೌಕರನಿಗೆ ಮಾರ್ಕರ್ ಎಂದು ಹೆಸರು. ಆಟವನ್ನು ಚೆನ್ನಾಗಿ ಬಲ್ಲವನಾಗಿದ್ದರೂ ಆತ ಸದಸ್ಯನಾಗಿರಲಿಲ್ಲ ಎಂಬುದನ್ನು ಈ ಚರಿತ್ರೆ ಬರೆಯುವವರು ಮರೆಯಬಾರದು.

ವೃತ್ತಿಪರ ಸರಣಿಗೆ ಸೇರದ, ಅಂದರೆ ಹವ್ಯಾಸಿ ಆಟಗಾರರಿಗೆಂದೇ ಏರ್ಪಟ್ಟ ವಿಶ್ವ ಸ್ನೂಕರ್ ಚಾಂಪಿಯನ್‌ಷಿಪ್ ಕೂಡ ಭಾರತದಲ್ಲೇ, 1963ರಲ್ಲಿ ಕಲ್ಕತ್ತದಲ್ಲಿ, ಆರಂಭವಾಗಿ ಇಂಗ್ಲೆಂಡಿನ ಗ್ಯಾರಿ ಓವೆನ್ ಮೊದಲ ವಿಜೇತನಾದ. ಮುಂದೆ ಅಂತರರಾಷ್ಟ್ರೀಯ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಒಕ್ಕೂಟ ಇದರ ಹೊಣೆ ಹೊತ್ತಿತು. 1980ರಲ್ಲಿ ಜಿಮ್ಮಿ ವೈಟ್, 1989ರಲ್ಲಿ ಕೆನ್ ಡೊಹರ್ಟಿ ಇಲ್ಲಿ ಗೆದ್ದು ವೃತ್ತಿಪರರ ಲೋಕದಲ್ಲಿ ಹೆಸರಾದರು. 1984ರಲ್ಲಿ ಡಬ್ಲಿನ್‌ನಲ್ಲಿ ಓ. ಬಿ. ಅಗರ್ವಾಲ್ ಗೆದ್ದು, ಈ ಪ್ರಶಸ್ತಿ ಪಡೆದ ಮೊದಲ ಭಾರತೀಯರೆನಿಸಿದರು. ಮೂರು ವರ್ಷಗಳ ನಂತರ, 1987ರಲ್ಲಿ, ಚಾಂಪಿಯನ್‌ಷಿಪ್ ಬೆಂಗಳೂರಿಗೆ ಬಂದಾಗ ವೇಲ್ಸಿನ ಡ್ಯಾರೆನ್ ಮಾರ್ಗನ್ ಫೈನಲಿನಲ್ಲಿ ಮಾಲ್ಟಾದ ಜೋ ಗ್ರೆಕ್‌ನನ್ನು ಸೋಲಿಸಿದ. ಆಗ ಅದು ಗಂಡಸರ ಸ್ಪರ್ಧೆ ಮಾತ್ರವಾಗಿತ್ತು. ಒಕ್ಕೂಟದ ಮಹಿಳಾ ಪ್ರಶಸ್ತಿ ಆರಂಭವಾದದ್ದು 2003ರಲ್ಲಿ, ಮೊದಲ ಸ್ಪರ್ಧೆಯ ನಾಲ್ಕು ದಶಕಗಳ ನಂತರ. ಶಕ್ತಿಗಿಂತ ಕಣ್ಣಳತೆ ಮತ್ತು ತಾಳ್ಮೆಗಳೇ ಮುಖ್ಯವಾದ ಆಟದಲ್ಲಿ ಈ ವಿಳಂಬಕ್ಕೆ ಆಟದೊಳಗಿನ ಕಾರಣವೊಂದೂ ಕಾಣುವುದಿಲ್ಲ. ಮೇಜಿದ್ದ ಕೋಣೆಗಳ ಬಾಗಿಲಲ್ಲೇ ಅದನ್ನು ಹುಡುಕಬೇಕಾಗುತ್ತದೆ.

ಆ ಬಾಗಿಲು ಬೆಂಗಳೂರಿನಲ್ಲಿ ತೆರೆದ ಬಗೆ ಗಮನಾರ್ಹ. ವಸಂತನಗರದಲ್ಲಿರುವ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಮೇಜುಗಳು ದೊಡ್ಡ ಕ್ಲಬ್ಬುಗಳ ಆಚೆಗಿನ ಹುಡುಗರಿಗೂ ಆಡುವ ದಾರಿಯಾದವು. ಅರವಿಂದ ಸವೂರರ ತರಬೇತಿಯಲ್ಲಿ ಈ ನಗರದಲ್ಲಿ ಬೆಳೆದ ಪಂಕಜ್ ಅಡ್ವಾಣಿ 2003ರಲ್ಲಿ, ಹದಿನೆಂಟರ ಹರೆಯದಲ್ಲಿ, ಚೀನಾದ ಜಿಯಾಂಗ್‌ಮೆನ್‌ನಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಗೆದ್ದು, 2015 ಮತ್ತು 2017ರಲ್ಲಿ ಮತ್ತೆ ಗೆದ್ದರು. 2015ರ ಫೈನಲಿನಲ್ಲಿ ಅವರಿಗೆ ಸೋತ ಝಾವೊ ಶಿನ್‌ಟಾಂಗ್ ಹತ್ತು ವರ್ಷಗಳ ನಂತರ ವೃತ್ತಿಪರರ ವಿಶ್ವ ಚಾಂಪಿಯನ್ ಆದ. ಇದಕ್ಕಿಂತಲೂ ಹೆಚ್ಚು ಹೇಳಬೇಕಾದದ್ದು ಆರ್. ಉಮಾದೇವಿಯವರ ಹಾದಿ. ತೋಟಗಾರಿಕೆ ಇಲಾಖೆಯ ನೌಕರಿಯಲ್ಲಿದ್ದ ಅವರು ಟೇಬಲ್ ಟೆನ್ನಿಸ್ ಆಡಲೆಂದು ಕಬ್ಬನ್ ಪಾರ್ಕಿನ ಸಚಿವಾಲಯ ಕ್ಲಬ್ಬಿಗೆ ಹೋಗಿ, ಅಲ್ಲಿ ಸರದಿ ಉದ್ದವಿದ್ದುದರಿಂದ ಕ್ಯೂ ಹಿಡಿದು, 2012ರಲ್ಲಿ ಮೂರೇ ಚೆಂಡುಗಳ ಬಿಲಿಯರ್ಡ್ಸ್‌ನಲ್ಲಿ ಮಹಿಳಾ ವಿಶ್ವ ಚಾಂಪಿಯನ್ ಆದರು. ಸರ್ಕಾರಿ ನೌಕರರ ಕೂಟವೊಂದರಲ್ಲಿ ಮೇಜು ಇದ್ದದ್ದರಿಂದಲೇ ಇದು ಸಾಧ್ಯವಾಯಿತು.

ಬೆಂಗಳೂರಿಗೆ ಚಾಂಪಿಯನ್‌ಷಿಪ್ 2011ರಲ್ಲಿ ಮರಳಿದಾಗ ಇರಾನಿನ ಹದಿನೇಳರ ಹೊಸೇನ್ ವಫಾಯಿ ವೇಲ್ಸಿನ ಲೀ ವಾಕರ್‌ನನ್ನು 10-9 ಫ್ರೇಮುಗಳಿಂದ ಸೋಲಿಸಿದ. 2014ರ ನವೆಂಬರಿನಲ್ಲಿ ಇದೇ ನಗರದಲ್ಲಿ ಹದಿನಾಲ್ಕು ವರ್ಷದ ಚೀನೀ ಬಾಲಕ ಯಾನ್ ಬಿಂಗ್‌ಟಾವೊ ಪಾಕಿಸ್ತಾನದ ಮುಹಮ್ಮದ್ ಸಜ್ಜಾದ್ ಎದುರು 8-7ರಲ್ಲಿ ಗೆದ್ದರೆ, ಮಹಿಳೆಯರ ಪ್ರಶಸ್ತಿ ಬೆಲ್ಜಿಯಮ್ಮಿನ ವೆಂಡಿ ಯಾನ್ಸ್ ಅವರದಾಯಿತು. 1987ರಲ್ಲಿ ಮಹಿಳೆಯರ ವಿಭಾಗವೇ ಇರದಿದ್ದ ಸ್ಪರ್ಧೆ ಅದೇ ನಗರದಲ್ಲಿ ಈಗ ಇಬ್ಬರು ಚಾಂಪಿಯನ್ನರನ್ನು ಕಂಡಿತು.

ಈ ವಿಸ್ತಾರವೆಲ್ಲ ಬಹುಮಟ್ಟಿಗೆ ರಾಜಧಾನಿಯದು. ಬೆಂಗಳೂರಿನಿಂದ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಂತಹ ಮಲೆನಾಡಿನ ಊರಿನಲ್ಲಿ ಕೋನ ಲೆಕ್ಕ ಹಾಕಿ ಕಾಯಿಯನ್ನು ಕುಳಿಗೆ ಕಳಿಸುವ ಕೌಶಲವನ್ನು ಮಕ್ಕಳು ಕಲಿಯಬಲ್ಲದ್ದು ಕೇರಂ ಹಲಗೆಯಲ್ಲಿ, ಏಕೆಂದರೆ ಅದನ್ನು ಒಬ್ಬರೇ ಎತ್ತಿ ಜಗಲಿಗೆ ತರಬಹುದು. ಕಲ್ಲುಹಾಸಿನ ಮೇಜು ಅಲ್ಲಿಗೆ ತಲುಪಬೇಕಾದರೆ ಶಾಲೆಯೋ, ನೌಕರರ ಸಂಘವೋ, ತಾಲ್ಲೂಕು ಕ್ರೀಡಾಂಗಣವೋ ಅದಕ್ಕೊಂದು ಕೋಣೆ ಕೊಡಬೇಕಾಗುತ್ತದೆ. ಉಮಾದೇವಿಯವರಿಗೆ ಕಬ್ಬನ್ ಪಾರ್ಕಿನಲ್ಲಿ ದೊರೆತದ್ದು ಅಂತಹ ಒಂದು ಕೋಣೆಯೇ.