ಮೀನಿನ ಗುರುತು, ಮೀನಿನ ಹೆಸರು

ಹರಿಹರದ ಬಳಿ ತುಂಗಭದ್ರೆಯಲ್ಲಿ ಬಲೆ ಬೀಸುವ ಬೆಸ್ತನಿಗೆ ಮೀನಿನ ಜಾತಿಯನ್ನು ತಿಳಿಯಲು ಪುಸ್ತಕ ಬೇಕಾಗಿಲ್ಲ. ಬಾಯಿಯ ಆಕಾರ, ಮೀಸೆ, ಹುರುಪೆ, ಬಾಲದ ಸೀಳು ಇವನ್ನು ಕಂಡೊಡನೆ ಅವನು ಹೆಸರು ಹೇಳಬಲ್ಲ. ಇಂಥ ತಿಳಿವಳಿಕೆಯನ್ನು ನಮ್ಮ ದೇಶದಲ್ಲಿ ಮೊದಲು ಗ್ರಂಥಕ್ಕೆ ಏರಿಸಿದವರು ಯೂರೋಪಿನ ವಿದ್ವಾಂಸರೆಂದು ಹಲವರು ಭಾವಿಸಿರುವುದುಂಟು. ಆದರೆ ಅವರಿಗಿಂತ ಆರು ನೂರು ವರ್ಷ ಮೊದಲೇ ಕನ್ನಡ ನಾಡಿನ ಅರಸನೊಬ್ಬನು ಈ ಕೆಲಸ ಮಾಡಿದ್ದನು.

ಆತನೇ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ. ಉಚ್ಚಂಗಿಯ ಪಾಂಡ್ಯರು ಚಾಲುಕ್ಯರ ಸಾಮಂತರಾಗಿ ಈ ಸೀಮೆಯನ್ನು ಆಳುತ್ತಿದ್ದ ಕಾಲವದು. 1129ರ ಸುಮಾರಿಗೆ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜನೀತಿ, ಅಡಿಗೆ, ಸಂಗೀತಗಳ ಜೊತೆಗೆ ‘ಮತ್ಸ್ಯವಿನೋದ’ ಎಂಬ ಪ್ರಕರಣವೂ ಇದೆ. ಗಾಳ ಹಾಕಿ ಮೀನು ಹಿಡಿಯುವುದು ಅರಸರ ವಿನೋದಗಳಲ್ಲಿ ಒಂದಾಗಿತ್ತು.

ಅಲ್ಲಿ ಸುಮಾರು 35 ಬಗೆಯ ಮೀನುಗಳ ವಿವರವಿದೆ. ವಿಂಗಡಣೆಯ ಕ್ರಮ ಸರಳ, ಆದರೆ ಖಚಿತ. ಮೀನು ಸಮುದ್ರದ್ದೋ ನದಿಯದ್ದೋ? ಮೈಮೇಲೆ ಹುರುಪೆ ಉಂಟೋ, ಬರಿಯ ಚರ್ಮವೋ? ಗಾತ್ರದಲ್ಲಿ ದೊಡ್ಡದೋ, ಮಧ್ಯಮವೋ, ಚಿಕ್ಕದೋ? ಈ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತರೆ ಅರ್ಧ ಗುರುತು ಸಿಕ್ಕಂತೆಯೇ. ಇದು ಕೇವಲ ಪಾಂಡಿತ್ಯವಲ್ಲ. ಇಂಥ ಮೀನಿಗೆ ಇಂಥ ಎರೆ ಎಂಬ ವಿಧಿಯೂ ಅಲ್ಲಿದೆ. ಜಾತಿ ತಪ್ಪಿದರೆ ಎರೆ ತಪ್ಪಿತು, ಎರೆ ತಪ್ಪಿದರೆ ಗಾಳ ಬರಿದು! ಪ್ರಾಣಿವಿಜ್ಞಾನಿ ಸುಂದರ್ ಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ಕುರಿತು ಲೇಖನ ಪ್ರಕಟಿಸಿ ವಿದ್ವತ್ ಲೋಕದ ಗಮನ ಸೆಳೆದರು.

ಸೋಮೇಶ್ವರನ ಪಟ್ಟಿಯಲ್ಲಿ ‘ರೋಹಿತ’ ಎಂಬ ಹೆಸರಿದೆ. ಈ ಹೆಸರು ಆಧುನಿಕ ವಿಜ್ಞಾನವನ್ನು ಸೇರಿದ ಕಥೆಗೂ ನಮ್ಮ ಊರುಗಳಿಗೂ ಒಂದು ನಂಟಿದೆ. ಟಿಪ್ಪುವಿನ ಪತನದ ತರುವಾಯ, 1800–01ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್ ಹರಿಹರ, ದಾವಣಗೆರೆಗಳನ್ನೂ ಹಾದುಹೋದನು. ಅದೇ ಬುಕಾನನ್ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರನ್ನು ತಳೆದು, 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ರೋಹಿತ, ಕಾಟ್ಲ, ಮೃಗಾಲ ಎಂಬ ದೇಶೀಯ ಹೆಸರುಗಳನ್ನೇ ಶಾಸ್ತ್ರೀಯ ನಾಮಗಳಲ್ಲಿ ಉಳಿಸಿದನು. ಬೆಸ್ತರ ಮಾತು ಹೀಗೆ ವಿಜ್ಞಾನದ ಮಾತಾಯಿತು.

ಆದರೆ ಹೆಸರೊಂದನ್ನೇ ನಂಬಿದರೆ ಮೋಸ ಹೋಗಬೇಕಾದೀತು. ಕಡಲ ಮೀನಿನ ಉದಾಹರಣೆಯನ್ನೇ ನೋಡೋಣ. ಮಂಗಳೂರಿನವರು ಅಂಜಲ್ ಎನ್ನುವುದನ್ನು ಕಾರವಾರದ ಕೊಂಕಣಿಗರು ಇಸ್ವಾಣವೆನ್ನುತ್ತಾರೆ. ಮರಾಠಿಯಲ್ಲಿ ಅದು ಸುರಮಯಿ. ಈ ಗುಂಪಿನಲ್ಲಿ ಒಂದನ್ನೊಂದು ಹೋಲುವ ಎರಡು ಜಾತಿಗಳಿವೆ. ಒಂದರ ಪಕ್ಕೆಯಲ್ಲಿ ಅಡ್ಡಪಟ್ಟೆಗಳು. ಇನ್ನೊಂದರ ಪಕ್ಕೆಯಲ್ಲಿ ಸಾಲುಸಾಲಾದ ಚುಕ್ಕೆಗಳು. ಪಟ್ಟೆ ಮಾಸಿದ್ದರೆ ಮೈಯುದ್ದಕ್ಕೂ ಹರಿಯುವ ಪಕ್ಕದ ಗೆರೆಯನ್ನು ನೋಡಬೇಕು. ಬೆನ್ನಿನ ಎರಡನೆಯ ಈಜುರೆಕ್ಕೆಯ ಕೆಳಗೆ ಅದು ಥಟ್ಟನೆ ಕೆಳಕ್ಕೆ ಬಾಗಿದ್ದರೆ ಪಟ್ಟೆಯ ಜಾತಿ. ಮೆಲ್ಲನೆ ಇಳಿದಿದ್ದರೆ ಚುಕ್ಕೆಯ ಜಾತಿ.

ಗುರುತು ತಪ್ಪಿದರೆ ಹಾನಿ ಕೊಳ್ಳುವವನ ಕೈಚೀಲಕ್ಕೆ ಮಾತ್ರವಲ್ಲ. ಗಾಳಗಾರರ ಲೋಕದಲ್ಲಿ ಹೆಸರಾಂತ ಕಾವೇರಿಯ ಗೂನುಬೆನ್ನಿನ ಮಹಶೀರ ಮೀನಿಗೆ ಸರಿಯಾದ ಶಾಸ್ತ್ರೀಯ ನಾಮ ನಿಶ್ಚಯವಾದದ್ದು 2018ರಲ್ಲಿ. ಅಷ್ಟು ಹೊತ್ತಿಗೆ, ಹೊರಗಿನಿಂದ ತಂದುಬಿಟ್ಟ ನೀಲಿ ರೆಕ್ಕೆಯ ಮಹಶೀರವು ಆ ನದಿಯಲ್ಲಿ ಹಬ್ಬಿ, ಮೂಲದ ಮೀನು ಅಳಿವಿನ ಅಂಚಿಗೆ ಬಂದಿತ್ತು. ಎರಡನ್ನೂ ಮಹಶೀರವೆಂದೇ ಕರೆಯುತ್ತಿದ್ದುದರಿಂದ ಒಂದು ಕಡಿಮೆಯಾಗುತ್ತಿದ್ದುದು ಬಹುಕಾಲ ಎದ್ದು ಕಾಣಲಿಲ್ಲ.

ತುಂಗಭದ್ರೆಯ ದಡದಲ್ಲಿ ಈ ಎಚ್ಚರ ನಮಗೂ ಬೇಕು. ಹರಿಹರದ ಹಿರಿಯ ಬೆಸ್ತರ ಬಾಯಲ್ಲಿರುವ ಮೀನಿನ ಹೆಸರುಗಳನ್ನೂ, ಅವರು ಹೇಳುವ ಗುರುತುಗಳನ್ನೂ ನಮ್ಮ ಶಾಲೆ ಕಾಲೇಜುಗಳ ವಿದ್ಯಾರ್ಥಿಗಳು ಬರೆದಿಟ್ಟರೆ ಅದೊಂದು ದೊಡ್ಡ ಸೇವೆ. ಅರಸನೇ ಕೈಗೊಂಡ ಕೆಲಸವನ್ನು ಮುಂದುವರಿಸಲು ನಮಗೇಕೆ ಸಂಕೋಚ?