ದೀಪದ ಮಸಿಯೇ ಕಾರ್ಬನ್ ನ್ಯಾನೋಟ್ಯೂಬಾ? ಕೊಳವೆ ಬೆಳೆಸಲು ಕಬ್ಬಿಣ ಯಾಕೆ ಬೇಕು?

ವಿದುರಾಶ್ವತ್ಥದ ನಾಗರಕಲ್ಲುಗಳ ಮುಂದೆ ಹಚ್ಚಿದ ಎಣ್ಣೆದೀಪದ ಮೇಲೆ ತಟ್ಟೆ ಹಿಡಿದರೆ ಕಪ್ಪು ಮಸಿ ಕೂರುತ್ತದೆ. ಅದೂ ಕಾರ್ಬನ್ನೇ. ಹಾಗಂತ "ದೀಪದ ಮಸಿಯೇ ನ್ಯಾನೋಟ್ಯೂಬ್" ಎಂಬ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಸ್ವಲ್ಪ ತಾಳಿ. ಮಸಿಯ ಬಹುಪಾಲು ಅಡ್ಡಾದಿಡ್ಡಿ ಅಂಟಿಕೊಂಡ ಪುಟ್ಟ ಉಂಡೆಗಳು. ನ್ಯಾನೋಟ್ಯೂಬಿನಲ್ಲಿ ಕಾರ್ಬನ್ ಪರಮಾಣುಗಳು ಜೇನುಗೂಡಿನ ಹಾಗೆ ಹೆಣೆದುಕೊಂಡು ಕೊಳವೆಯಾಗಿರುತ್ತವೆ. ಅದರ ದಪ್ಪ ನಮ್ಮ ಕೂದಲಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ.

ಹೀಗೆ ಶಿಸ್ತಾಗಿ ಬೆಳೆಯಲು ಲೋಹದ ಕಣ ಬೇಕು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್, ಎ. ಗೋವಿಂದರಾಜ್ ಮತ್ತು ಸಂಗಡಿಗರು ಇದಕ್ಕೆ ಬಳಸಿದ್ದು ಫೆರೋಸೀನ್. ಎರಡು ಕಾರ್ಬನ್ ಉಂಗುರಗಳ ನಡುವೆ ಒಂದು ಕಬ್ಬಿಣದ ಪರಮಾಣು ಕೂತಿರುವ ಕಿತ್ತಳೆ ಬಣ್ಣದ ಪುಡಿ ಅದು. ಬಿಸಿ ಮಾಡಿದರೆ ಆವಿಯಾಗುತ್ತದೆ. ಆವಿಯನ್ನು ಸಾವಿರ ಡಿಗ್ರಿ ಆಸುಪಾಸಿನ ಕುಲುಮೆಗೆ ಹಾಯಿಸಿದರೆ ಅಣು ಒಡೆದು, ಕಬ್ಬಿಣ ಸಣ್ಣ ಸಣ್ಣ ಕಣಗಳಾಗಿ ಕೂಡುತ್ತದೆ. ಕಾರ್ಬನ್ ಆ ಕಣಕ್ಕೆ ಸೇರಿ, ತುಂಬಿದ ಮೇಲೆ ಕೊಳವೆಯಾಗಿ ಹೊರಬರುತ್ತದೆ. ಶಾವಿಗೆ ಒರಳಿನಿಂದ ಎಳೆ ಇಳಿದಂತೆ ಅನ್ನಬಹುದು, ಆದರೆ ಇಲ್ಲಿ ಒತ್ತುವವರಿಲ್ಲ. ಅಕ್ಕಿ, ಒರಳು ಎರಡೂ ಒಂದೇ ಪುಡಿಯಲ್ಲಿ ಸಿಕ್ಕಿದ್ದು ಈ ವಿಧಾನದ ಜಾಣತನ.

ಇದರಿಂದ ಏನು ಉಪಯೋಗ? ಹಳೆಯ ಟಿವಿಯ ಪಿಕ್ಚರ್ ಟ್ಯೂಬಿನಲ್ಲಿ ಎಲೆಕ್ಟ್ರಾನ್ ಹೊರಡಿಸಲು ಲೋಹವನ್ನು ಕೆಂಪಗೆ ಕಾಯಿಸಬೇಕಿತ್ತು. ಮೊನಚು ತುದಿಗೆ ಕಾಯಿಸುವ ಕೆಲಸವಿಲ್ಲ. ವೋಲ್ಟೇಜ್ ಕೊಟ್ಟರೆ ವಿದ್ಯುತ್ ಕ್ಷೇತ್ರ ತುದಿಯಲ್ಲೇ ದಟ್ಟವಾಗಿ, ನಿರ್ವಾತದಲ್ಲಿ ಎಲೆಕ್ಟ್ರಾನ್‌ಗಳು ತಣ್ಣಗೇ ಹೊರಬೀಳುತ್ತವೆ. ರಾವ್ ಅವರ ತಂಡ ಮತ್ತು ಪುಣೆ ವಿಶ್ವವಿದ್ಯಾಲಯದ ಡಿ.ಎಸ್. ಜೋಗ್ ಅವರ ತಂಡ ಟಂಗ್‌ಸ್ಟನ್ ಸೂಜಿಯ ತುದಿಯಲ್ಲೇ ಕೊಳವೆ ಬೆಳೆಸಿ ಇದನ್ನು ಅಳೆದು, 2001ರಲ್ಲಿ ಪ್ರಕಟಿಸಿದವು. ಇದು ಪುಕ್ಕಟೆ ಕರೆಂಟ್ ಅಲ್ಲ, ಹೊರಗಿನಿಂದ ವೋಲ್ಟೇಜ್ ಕೊಡಲೇಬೇಕು. ಸ್ಯಾಮ್‌ಸಂಗ್ 1999ರಲ್ಲೇ ಇಂಥ ಪರದೆ ಮಾಡಿ ತೋರಿಸಿತ್ತು. ಎಲ್‌ಸಿಡಿ ಅಗ್ಗವಾದ ಮೇಲೆ ಅದು ಅಂಗಡಿಗೆ ಬರಲೇ ಇಲ್ಲ. ಈಗ ಈ ತಂತ್ರ ಹೆಚ್ಚು ಕಾಣುವುದು ಎಕ್ಸ್‌ರೇ ಟ್ಯೂಬುಗಳಲ್ಲಿ.

ಇನ್ನು "ನ್ಯಾನೋ ಕಾರ್ಬನ್ ಪುಡಿ ಒಳ್ಳೆಯದು" ಎಂದು ಯಾರಾದರೂ ಮಾರಲು ಬಂದರೆ ಮೂಗಿನ ಹತ್ತಿರ ತರಬೇಡಿ. ಉದ್ದನೆಯ ಗಟ್ಟಿ ಕೊಳವೆಗಳು ಕಲ್ನಾರಿನ ಹಾಗೆ ವರ್ತಿಸಬಹುದೆಂದು 2008ರಲ್ಲಿ ಇಲಿಗಳ ಮೇಲಿನ ಪ್ರಯೋಗ ತೋರಿಸಿತು. ಅಂಥ ಒಂದು ಬಗೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2014ರಲ್ಲಿ "ಕ್ಯಾನ್ಸರ್ ತರಬಹುದಾದ" ಪಟ್ಟಿಗೆ ಸೇರಿಸಿತು. ಉಳಿದ ಬಗೆಗಳನ್ನು ಸೇರಿಸಲು ಪುರಾವೆ ಸಾಲದು ಎಂದೂ ಅದೇ ಸಂಸ್ಥೆ ಹೇಳಿದೆ.