ಸೋಪಿನಲ್ಲಿ ಕಾಸ್ಟಿಕ್ ಸೋಡಾ ಇರುತ್ತದೆಯೇ? ಶಾಲೆಯ ಲ್ಯಾಬ್‌ನಲ್ಲಿ ಮಾಡಿದ ಸೋಪು ಹಚ್ಚಿಕೊಳ್ಳಬಹುದೇ?

“ಅಂಗಡಿ ಸೋಪಿನಲ್ಲಿ ಕಾಸ್ಟಿಕ್ ಸೋಡಾ ಇದೆ, ಚರ್ಮ ಸುಡುತ್ತದೆ” ಎನ್ನುವ ಫಾರ್ವರ್ಡ್ ಒಂದು ಕಡೆ. “ಕೆಮಿಕಲ್ ಇಲ್ಲದ ಸೋಪು ಮನೆಯಲ್ಲೇ ಮಾಡಿ” ಎನ್ನುವ ವಿಡಿಯೋ ಇನ್ನೊಂದು ಕಡೆ. ಈ ನಡುವೆ, ಮೈಸೂರಿನ ಕೆಸರೆಯಲ್ಲೋ ಬೇರೆ ಊರಲ್ಲೋ, ಹೈಸ್ಕೂಲು ಓದುವ ಮಗು ಲ್ಯಾಬ್‌ನಲ್ಲಿ ಮಾಡಿದ ಸೋಪನ್ನು ಮನೆಗೆ ತಂದರೆ ಏನು ಮಾಡಬೇಕು? ನೋಡೋಣ.

ಸೋಪು ಆಗುವುದು ಹೇಗೆ?

ಎಣ್ಣೆಗೆ ಕಾಸ್ಟಿಕ್ ಸೋಡಾ (ಸೋಡಿಯಂ ಹೈಡ್ರಾಕ್ಸೈಡ್) ದ್ರಾವಣ ಸೇರಿಸಿ ಬಿಸಿ ಮಾಡಿದರೆ ಎಣ್ಣೆ ಒಡೆದು ಸೋಪು ಮತ್ತು ಗ್ಲಿಸರಿನ್ ಆಗುತ್ತದೆ. ಇದೇ ಸಾಬೂನೀಕರಣ. ಈ ಕ್ರಿಯೆಯಲ್ಲಿ ಕಾಸ್ಟಿಕ್ ಸೋಡಾ ಖರ್ಚಾಗುತ್ತದೆ. ಅಳತೆ ಸರಿಯಿದ್ದರೆ ಕೊನೆಗೆ ಅದು ಉಳಿಯುವುದಿಲ್ಲ. ಹಾಗಾಗಿ ಮೊದಲ ಫಾರ್ವರ್ಡ್ ತಪ್ಪು. ಆದರೆ ಕಾಸ್ಟಿಕ್ ಇಲ್ಲದೆ ಎಣ್ಣೆಯಿಂದ ಗಟ್ಟಿ ಸೋಪು ಆಗುವುದಿಲ್ಲ. ಹಾಗಾಗಿ ಎರಡನೆಯದೂ ತಪ್ಪು.

ಮೊದಲ ಮಹಾಯುದ್ಧದಲ್ಲಿ ಗಂಧದ ಮರದ ರಫ್ತು ನಿಂತಾಗ ಮೈಸೂರು ಸಂಸ್ಥಾನ ಗಂಧದೆಣ್ಣೆಯನ್ನು ತಾನೇ ತೆಗೆಯತೊಡಗಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದ ಈ ಪ್ರಯತ್ನದಿಂದ ಬಂದ ಮೈಸೂರ್ ಸ್ಯಾಂಡಲ್ ಸೋಪಿನ ಹಿಂದಿರುವುದೂ ಇದೇ ಸಾಬೂನೀಕರಣ.

ಲ್ಯಾಬ್ ಸೋಪಿನಲ್ಲಿ ಏನು ವ್ಯತ್ಯಾಸ?

ಶಾಲೆಗಳಲ್ಲಿ ಸಾಮಾನ್ಯವಾಗಿ ಬಳಸುವ ಅಳತೆ: 20 ಮಿ.ಲೀ. ಹರಳೆಣ್ಣೆ, 20% ಕಾಸ್ಟಿಕ್ ದ್ರಾವಣ 30 ಮಿ.ಲೀ., ಕೊನೆಗೆ 5ರಿಂದ 10 ಗ್ರಾಂ ಅಡುಗೆ ಉಪ್ಪು. ಉಪ್ಪು ಹಾಕುವುದು ಸೋಪು ನೀರಿನಿಂದ ಬೇರ್ಪಟ್ಟು ಮೇಲೆ ಬರಲಿ ಎಂದು.

ನಾವು ಲೆಕ್ಕ ಹಾಕಿ ನೋಡಿದೆವು. ಅಷ್ಟು ಹರಳೆಣ್ಣೆಗೆ ಬೇಕಾದ ಕಾಸ್ಟಿಕ್ ಸುಮಾರು 2.5 ಗ್ರಾಂ. ದ್ರಾವಣದಲ್ಲಿರುವುದು ಸುಮಾರು 6 ಗ್ರಾಂ, ಅಂದರೆ ಎರಡು ಪಟ್ಟಿಗೂ ಹೆಚ್ಚು! ಪ್ರಯೋಗ ಬೇಗ ಮುಗಿಯಲು ಇದು ಅನುಕೂಲ. ಉಳಿದ ಕಾಸ್ಟಿಕ್‌ನಲ್ಲಿ ಹೆಚ್ಚಿನದು ಕೆಳಗಿನ ಉಪ್ಪುನೀರಿಗೆ ಹೋದರೂ, ಸ್ವಲ್ಪ ಸೋಪಿಗೂ ಅಂಟಿ ಬರುತ್ತದೆ. ಕಾರ್ಖಾನೆಯಲ್ಲಿ ಸೋಪನ್ನು ಉಪ್ಪುನೀರಿನಲ್ಲಿ ತೊಳೆದು, ಪರೀಕ್ಷಿಸುತ್ತಾರೆ. ಲ್ಯಾಬ್‌ನಲ್ಲಿ ಅಷ್ಟು ಸಮಯವಿರುವುದಿಲ್ಲ.

ಎಣ್ಣೆ ಬದಲಾದರೆ ಲೆಕ್ಕವೂ ಬದಲಾಗುತ್ತದೆ. 100 ಗ್ರಾಂ ಹರಳೆಣ್ಣೆಗೆ ಸುಮಾರು 13 ಗ್ರಾಂ ಕಾಸ್ಟಿಕ್ ಸಾಕು, ಕೊಬ್ಬರಿ ಎಣ್ಣೆಗೆ ಸುಮಾರು 18 ಗ್ರಾಂ ಬೇಕು. “ಎರಡು ಚಮಚ ಹಾಕಿ” ಎನ್ನುವ ವಿಡಿಯೋಗಳನ್ನು ನಂಬಬೇಡಿ.

ಎಚ್ಚರ ವಹಿಸಿ

• ಕಾಸ್ಟಿಕ್ ಅನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಕಾಸ್ಟಿಕ್ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯಬಹುದು.
• ಅಲ್ಯೂಮಿನಿಯಂ ಪಾತ್ರೆ ಬೇಡ. ಬೇಗ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಬರುತ್ತದೆ.
• ಕನ್ನಡಕ, ಗ್ಲೌಸ್ ಧರಿಸಿ. ಶಿಕ್ಷಕರಿಲ್ಲದೆ ಮಕ್ಕಳು ಈ ಪ್ರಯೋಗ ಮಾಡಬಾರದು.
• ಮೈಗೆ ಅಥವಾ ಕಣ್ಣಿಗೆ ಸಿಡಿದರೆ ಕನಿಷ್ಠ 20 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ. ನಿಂಬೆರಸ, ವಿನೆಗರ್ ಹಾಕಬೇಡಿ. ಕಣ್ಣಿಗಾದರೆ ತೊಳೆದ ತಕ್ಷಣ ಆಸ್ಪತ್ರೆಗೆ ಹೋಗಿ.

ಸತ್ಯಾಂಶ

ಸರಿಯಾಗಿ ತಯಾರಾದ ಸೋಪಿನಲ್ಲಿ ಚರ್ಮ ಸುಡುವಷ್ಟು ಕಾಸ್ಟಿಕ್ ಉಳಿದಿರುವುದಿಲ್ಲ. ಲ್ಯಾಬ್ ಸೋಪಿನಲ್ಲಿ ಉಳಿದಿರಬಹುದು. ಮಗು ತಂದ ಸೋಪನ್ನು ನೋಡಿ ಮೆಚ್ಚಿಕೊಳ್ಳಿ, ಆದರೆ ಮೈಗೆ ಹಚ್ಚಬೇಡಿ. ಮನೆಯ ಗ್ರೂಪಿಗೆ ಫಾರ್ವರ್ಡ್ ಮಾಡುವುದಾದರೆ, ಈ ಮಾತನ್ನು ಮಾಡಿ.